ಡೈರಿ ಬೆನಕಪ್ಪ ಮತ್ತು ಮಗಳ ಬಾಟಲಿ

ನನ್ನ ಭಾವ ಬೆನಕಪ್ಪ ಯಾರನ್ನೂ ನಂಬುತ್ತಿರಲಿಲ್ಲ. ಅಕ್ಕ ಕಸ್ತೂರಮ್ಮನನ್ನು ಮದುವೆಯಾದ ದಿನ, ಮೈಮೇಲಿನ ಅರಿಶಿನ ಇನ್ನೂ ಆರಿರಲಿಲ್ಲ, ಊಟದ ಪಂಕ್ತಿಯಲ್ಲಿ ಕೂತು ಎಲೆಗೆ ಬಿದ್ದ ತುಪ್ಪವನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿ, "ಡಾಲ್ಡಾ ಸೇರ್ಸೀರಿ" ಅಂದ. ನಮ್ಮಪ್ಪನ ಮುಖ ಸಣ್ಣದಾಯಿತು. ಸೇರಿಸಿದ್ದು ನಿಜವೇ. ಆದರೆ ಅದನ್ನು ಮದುಮಗನೇ ಹೇಳಬೇಕೇ? ಅಂದಿನಿಂದ ನನಗೂ ಅವನಿಗೂ ಅಷ್ಟಕ್ಕಷ್ಟೇ. ಎದುರಿಗೆ ಬಹುವಚನದಲ್ಲಿ ಮಾತಾಡಿಸುತ್ತೇನೆ, ಬರೆಯುವಾಗ ಏಕವಚನ. ಓದಿ ಸಿಟ್ಟಾದರೆ ಆಗಲಿ.

ಬಸವಾಪಟ್ಟಣದ ಪಕ್ಕದ ನಮ್ಮ ಹಳ್ಳಿಯಲ್ಲಿ ಎಪ್ಪತ್ತೊಂಬತ್ತರಲ್ಲಿ ಹಾಲಿನ ಡೈರಿ ಶುರುವಾಯಿತು. ಹಾಲು ಪರೀಕ್ಷೆ ಮಾಡಲು ಯಾರನ್ನು ಹಾಕಬೇಕು ಎಂಬ ಬಗ್ಗೆ ಮೀಟಿಂಗಿನಲ್ಲಿ ಹೆಚ್ಚು ಮಾತಾಗಲಿಲ್ಲ. ಎಲ್ಲರೂ ಭಾವನ ಕಡೆ ನೋಡಿದರು. ಆಮೇಲೆ ಅದೇ ಜನ ವರ್ಷಗಟ್ಟಲೆ ಅದಕ್ಕಾಗಿ ತಲೆ ತಲೆ ಚಚ್ಚಿಕೊಂಡರು. ನೀರು ಬೆರೆಸಿದವರನ್ನು ಲ್ಯಾಕ್ಟೋಮೀಟರ್ ಹಿಡಿಯುತ್ತಿತ್ತು. ಅದು ಯಾರು ಬೇಕಾದರೂ ಮಾಡುವ ಕೆಲಸ. ಭಾವನಿಗೆ ಪ್ರೀತಿ ಇದ್ದದ್ದು ಕಾಸುವ ಪರೀಕ್ಷೆಯ ಮೇಲೆ. ಅನುಮಾನ ಬಂದ ಹಾಲನ್ನು ಗಾಜಿನ ಟ್ಯೂಬಿಗೆ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿಯುತ್ತಿದ್ದ. ಈಗ ತಾನೇ ಕರೆದ ಹಾಲಾದರೆ ಸುಮ್ಮನೆ ಉಕ್ಕುತ್ತದೆ. ನಿನ್ನೆ ಸಂಜೆಯದನ್ನು ಬೆರೆಸಿ ತಂದಿದ್ದರೆ ಒಡೆದು ಬಿಳಿ ಬಿಳಿ ಗರಣೆ ಕಟ್ಟುತ್ತದೆ.

ಒಡೆಯಿತು ಅಂದರೆ ಭಾವ ಬೈಯುತ್ತಿರಲಿಲ್ಲ. ಟ್ಯೂಬನ್ನು ಬೆಳಕಿಗೆ ಎತ್ತಿ, ಎಡಗಣ್ಣು ಕಿರಿದು ಮಾಡಿ, ತುಟಿ ಬಿಗಿಹಿಡಿದು, ಹಾಲು ತಂದವರನ್ನು ಒಂದು ಗಳಿಗೆ ನೋಡುತ್ತಿದ್ದ. ಆ ನೋಟಕ್ಕಿಂತ ನಾಲ್ಕು ಬೈಗುಳವೇ ವಾಸಿ. ಆಮೇಲೆ ಅವರು ಎಲ್ಲರ ಹಾಲು ಅಳೆದು ಮುಗಿಯುವವರೆಗೆ ಗೋಡೆ ಪಕ್ಕ ನಿಂತಿರಬೇಕು. ನಾನೂ ನಿಂತಿದ್ದೇನೆ. ಬೆರೆಸಿದವಳು ನನ್ನ ಹೆಂಡತಿ. ಆದರೆ ಭಾವನ ಎದುರಿಗೆ ಅದನ್ನು ಹೇಳಿದರೆ ಇನ್ನೊಂದು ಸಲ ಆ ನೋಟ ತಿನ್ನಬೇಕಲ್ಲ ಎಂದು ಬಾಯಿಮುಚ್ಚಿಕೊಂಡು ನಿಂತೆ.

ಇದೆಲ್ಲವನ್ನೂ ದಿನಾ ನೋಡುತ್ತಿದ್ದವಳು ಅವನ ಹಿರಿಮಗಳು ಸಿದ್ದಲಿಂಗಮ್ಮ. ನಾವೆಲ್ಲ ಸಿದ್ದವ್ವ ಎನ್ನುತ್ತಿದ್ದೆವು. ಸ್ಕೂಲಿಗೆ ಹೋಗುವ ಮುಂಚೆ ಅಪ್ಪನ ಜೊತೆ ಡೈರಿಗೆ ಬಂದು ಬೋರಲು ಹಾಕಿದ ಕ್ಯಾನಿನ ಮೇಲೆ ಕೂತಿರುತ್ತಿದ್ದಳು. ಅವಳ ಕಣ್ಣು ಎಷ್ಟು ಚುರುಕು ಅಂದರೆ, ಭಾವನಿಗಿಂತ ಮೊದಲು ಅವಳೇ "ಅಪ್ಪಾ, ಒಡೀತು" ಅನ್ನುತ್ತಿದ್ದಳು. ಭಾವನಿಗೆ ಅದೇ ದೊಡ್ಡ ಹೆಮ್ಮೆ. ಜಗತ್ತಿನಲ್ಲಿ ಅವನು ಪರೀಕ್ಷೆ ಮಾಡದೆ ನಂಬಿದ್ದು ಈ ಒಬ್ಬಳನ್ನು ಮಾತ್ರ.

ಎಂಬತ್ತಮೂರರ ಕಾರ್ತಿಕದಲ್ಲಿ, ಏಳು ವರ್ಷದ ಸಿದ್ದವ್ವ ಒಂದು ಬೆಳಿಗ್ಗೆ ಕಣ್ಣು ಬಿಡಲಾರದಷ್ಟು ರೆಪ್ಪೆ ಊದಿಕೊಂಡು ಎದ್ದಳು. ಹುಳ ಕಡಿದಿರಬೇಕು ಎಂದುಕೊಂಡೆವು. ವಾರದೊಳಗೆ ಕಾಲು ಊದಿತು, ಹೊಟ್ಟೆ ಊದಿತು. ಮೊಣಕಾಲ ಕೆಳಗೆ ಬೆರಳಿಟ್ಟು ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು.

ಭಾವನ ಅನುಮಾನ ನೇರವಾಗಿ ಹೋದದ್ದು ಚಿಕ್ಕಹನುಮಂತಪ್ಪನ ಮನೆಗೆ. ಚಿಕ್ಕಹನುಮಂತಪ್ಪನ ಹಾಲು ಆ ತಿಂಗಳಲ್ಲಿ ಮೂರು ಸಲ ಒಡೆದಿತ್ತು. ದೀಪಾವಳಿಗೆ ಅವನ ಹೆಂಡತಿ ಸಿದ್ದವ್ವನನ್ನು ಕರೆದು ಹೋಳಿಗೆ ತಿನ್ನಿಸಿದ್ದಳು.

"ಮದ್ದು ಹಾಕ್ಯಾರೆ ಕಣೋ ವಿರೂಪಾಕ್ಷಿ. ಹೋಳ್ಗ್ಯಾಗೆ ಇಟ್ಟು ಹಾಕ್ಯಾರೆ," ಅಂದ ನನ್ನ ಹತ್ತಿರ.

ಆಗದವರು ಊಟದಲ್ಲಿ ಏನೋ ಇಟ್ಟು ತಿನ್ನಿಸುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಬೆಳೆಯುತ್ತದೆ ಎಂಬುದು ನಮ್ಮ ಕಡೆ ಓದಿದವರೂ ನಂಬುವ ಮಾತು. ಅದನ್ನು ವಾಂತಿ ಮಾಡಿಸಿ ತೆಗೆಯುವವರೂ ಇದ್ದರು. ನ್ಯಾಮತಿ ಹತ್ತಿರದ ಹಳ್ಳಿಯೊಂದರಲ್ಲಿ ದುರುಗಕ್ಕ ಎಂಬಾಕೆ ಬಹಳ ಹೆಸರುವಾಸಿ. ಮಗುವನ್ನು ಎತ್ತಿಕೊಂಡು ನಾವು ಮೂವರು ಅಲ್ಲಿಗೆ ಹೋದೆವು. ದುರುಗಕ್ಕ ಯಾವುದೋ ಸೊಪ್ಪಿನ ರಸ ಕುಡಿಸಿದಳು. ಪಾಪದ್ದು, ಕರುಳು ಕಿತ್ತು ಬರುವಂತೆ ವಾಂತಿ ಮಾಡಿತು. ದುರುಗಕ್ಕ ಬಟ್ಟಲಿನಲ್ಲಿ ಕೈಯಾಡಿಸಿ, ಕಪ್ಪನೆಯ ಕೂದಲು ಕೂದಲಾದ ಉಂಡೆಯೊಂದನ್ನು ಎತ್ತಿ ತೋರಿಸಿ, "ನೋಡ್ರಪ್ಪಾ, ಎಷ್ಟು ದಪ್ಪ ಬೆಳದೈತೆ," ಅಂದಳು. ಅಕ್ಕ ಕೈಮುಗಿದಳು. ನಾನೂ ಮುಗಿದೆ. ಭಾವ ಮಾತ್ರ ಉಂಡೆಯನ್ನು ಕಸಿದುಕೊಂಡು ಚೊಂಬಿನ ನೀರಿನಲ್ಲಿ ತೊಳೆದ.

"ಇದು ತೆಂಗಿನ ನಾರು. ನಿನ್ನ ಎಡಗೈಯಾಗೆ ಮೊದ್ಲೇ ಇತ್ತು," ಅಂದ.

ಅಲ್ಲಿಂದ ನಾವು ಓಡಿಬಂದದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವನ ಅನುಮಾನದ ಬುದ್ಧಿಗೆ ನಾನು ಕೈಮುಗಿದದ್ದು ಜನ್ಮದಲ್ಲಿ ಅದೇ ಮೊದಲು. ಮಾರನೆಯ ದಿನ ದಾವಣಗೆರೆ ಬಸ್ಸು ಹತ್ತಿದೆವು.

ಮಕ್ಕಳ ಡಾಕ್ಟರು ಜಯದೇವಪ್ಪನವರು ಜಗಳೂರು ಕಡೆಯವರು, ಮಾತು ಒರಟು. ಸಿದ್ದವ್ವನ ಹೊಟ್ಟೆ ಒತ್ತಿ ನೋಡಿ, ಅವಳ ಉಚ್ಚೆಯನ್ನು ಗಾಜಿನ ಟ್ಯೂಬಿಗೆ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದರು. ಭಾವ ಕುರ್ಚಿಯಿಂದ ಎದ್ದು ನಿಂತ. ಕಾದಂತೆ ಟ್ಯೂಬಿನೊಳಗೆ ಬೆಳ್ಳಗೆ ಮೋಡ ಕಟ್ಟಿತು. ಡಾಕ್ಟರು ಎರಡು ತೊಟ್ಟು ಆಸಿಡ್ ಬಿಟ್ಟರು. ಬಿಳಿ ಗಟ್ಟಿಯಾಗಿ ಗರಣೆಯಾಯಿತು.

"ಒಡೀತು," ಅಂದ ಭಾವ. ಆಮೇಲೆ ಡಾಕ್ಟರನ್ನೇ ಅನುಮಾನದಿಂದ ನೋಡಿ, "ಯಾರದ್ದು ಕಾಸಿದ್ರೂ ಹಿಂಗೇ ಆಗ್ತೈತೇನೋ? ನಂದೂ ಒಂದ್ಸಲ ಕಾಸ್ರಿ ನೋಡನ," ಅಂದ.

ನಾನು ನಾಚಿಕೆಯಿಂದ ಗೋಡೆ ನೋಡಿದೆ. ಡಾಕ್ಟರು ಅವನ ಕೈಗೂ ಒಂದು ಬಾಟಲಿ ಕೊಟ್ಟು ಹೊರಗೆ ಕಳಿಸಿದರು. ಭಾವನದು ಎಷ್ಟು ಕಾಸಿದರೂ ತಿಳಿಯಾಗಿಯೇ ಉಳಿಯಿತು. ಆಗ ಅವನು ಕೂತು ಕಿವಿಗೊಟ್ಟ.

"ಕಿಡ್ನಿ ಅಂದ್ರೆ ಜರಡಿ ಇದ್ದಂಗೆ," ಅಂದರು ಡಾಕ್ಟರು. "ಈ ಮಗೂಗೆ ಜರಡಿ ಕಣ್ಣು ದೊಡ್ಡದಾಗಿ ಮೈಯಾಗಿನ ಪ್ರೋಟೀನೆಲ್ಲ ಸೋರಿ ಹೋಗ್ತೈತೆ. ಅದಕ್ಕೇ ಬಾವು. ನೆಫ್ರೋಟಿಕ್ ಅಂತೀವಿ. ಸ್ಟೀರಾಯ್ಡ್ ಮಾತ್ರೆ ಕೊಡ್ತೀನಿ, ದಿನಾ ಎಂಟು, ನಾಲ್ಕು ವಾರ. ಹೆಚ್ಚಿನ ಮಕ್ಕಳಿಗೆ ನಾಟ್ತೈತೆ. ಉಚ್ಚೆ ತಿಳಿ ಆದ್ರೆ ನಾಟಿದಂಗೆ. ನಾಲ್ಕು ವಾರ ಆದ್ರೂ ಒಡೀತಾನೇ ಇದ್ರೆ ಈ ಮಗೂಗೆ ಮಾತ್ರೆ ನಾಟಲ್ಲ ಅಂತ ಅರ್ಥ. ಆಮೇಲಿನ ದಾರಿ ಭಾಳ ಕಷ್ಟ ಐತೆ. ದಿನಾ ಬೆಳಿಗ್ಗೆ ಮನೇಲೇ ಕಾಸಿ ನೋಡಿ ಬರೀಬೇಕು. ಮಾಡಾಕೆ ಬರ್ತೈತಾ?"

ಭಾವ ನಕ್ಕ. ಅವನು ನಗುವುದನ್ನು ನೋಡಿ ಅಕ್ಕನಿಗೇ ಗಾಬರಿಯಾಯಿತು.

ಮಾತ್ರೆಯನ್ನು ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಕೊಳ್ಳಲಿಲ್ಲ. ಡಾಕ್ಟರಿಗೂ ಅವರಿಗೂ ಒಳಗೊಳಗೇ ಇರುತ್ತದಂತೆ. ಹೊನ್ನಾಳಿಯ ಅಂಗಡಿಯಿಂದ ತರಿಸಿದ. ಅಲ್ಲಿಯದು ಸುಣ್ಣದ ಉಂಡೆಯಾಗಿದ್ದರೇನು ಗತಿ ಎಂದು ದಾವಣಗೆರೆಯಿಂದಲೂ ನಾಲ್ಕು ತಂದು ಪಕ್ಕದಲ್ಲಿಟ್ಟು ಹೋಲಿಸಿದ. ಬೆಳಿಗ್ಗೆ ತಿಂಡಿಯಾದ ಮೇಲೆ ತಾನೇ ಮಾತ್ರೆ ನುಂಗಿಸಿ, "ಬಾಯಿ ತಗಿ, ನಾಲ್ಗೆ ಎತ್ತು," ಎಂದು ಕೆನ್ನೆಯ ಒಳಗೆಲ್ಲ ಇಣುಕುತ್ತಿದ್ದ. ಮಗುವಿಗೆ ಉಪ್ಪು ಕೊಡಬಾರದು ಎಂದಿದ್ದಕ್ಕೆ ಉಪ್ಪಿನ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಅಡುಗೆಗೆ ಬೇಕಾದಾಗ ತಾನೇ ತೆಗೆದುಕೊಡುತ್ತಿದ್ದ. ಅಕ್ಕ ಅದನ್ನೂ ಸಹಿಸಿದಳು.

ಡೈರಿಯಿಂದ ಬಂದವನು ಹಿತ್ತಲ ಕಟ್ಟೆಯ ಮೇಲೆ ದೀಪ ಹಚ್ಚಿ ಕೂರುತ್ತಿದ್ದ. ಸಿದ್ದವ್ವ ಬಚ್ಚಲಿನಿಂದ ಸಣ್ಣ ಬಾಟಲಿ ತಂದು ಕೊಡುತ್ತಿದ್ದಳು. ಕಾಸಿ, ನೋಡಿ, ನೋಟ್‌ಬುಕ್ಕಿನಲ್ಲಿ ತಾರೀಖಿನ ಮುಂದೆ ಬರೆಯುತ್ತಿದ್ದ: ಒಡೀತು, ಒಡೀತು, ಒಡೀತು. ಹದಿಮೂರನೆಯ ದಿನ ತಿಳಿ. ನಂಬದೆ ಎರಡು ಸಲ ಕಾಸಿದ. ಹದಿನಾಲ್ಕು, ಹದಿನೈದೂ ತಿಳಿ. ಬಾವು ಇಳಿದು, ಮಗುವಿನ ಕಾಲು ಕಡ್ಡಿಯಂತೆ ಕಂಡಿತು. ನಾಲ್ಕು ವಾರ ದಿನವೂ, ಇನ್ನು ನಾಲ್ಕು ವಾರ ದಿನ ಬಿಟ್ಟು ದಿನ ಮಾತ್ರೆ ನುಂಗಿಸಿ ನಿಲ್ಲಿಸಿದರು. ಚಿಕ್ಕಹನುಮಂತಪ್ಪನ ಮೇಲಿನ ಅನುಮಾನ ಹೋಯಿತು ಎಂದುಕೊಳ್ಳಬೇಡಿ, ಅದು ಸ್ವಲ್ಪ ದಿನ ರಜೆ ತೆಗೆದುಕೊಂಡಿತು ಅಷ್ಟೇ.

ಆದರೆ ಮಾತ್ರೆ ಮಗುವಿನ ಮುಖವನ್ನು ತಿರುಚಿತು. ಕೆನ್ನೆ ಉಬ್ಬಿ ಮುಖ ದುಂಡಗಾಯಿತು, ಕಪಾಳದ ಮೇಲೆ ಸಣ್ಣ ಕೂದಲು ಬಂತು, ಎಷ್ಟು ತಿಂದರೂ ಹಸಿವು. ಸ್ಕೂಲಿನಲ್ಲಿ ಬೂದುಗುಂಬಳ ಎಂದು ಕರೆದರು. ಕಾಲಿನ ಬಾವು ಮುಖಕ್ಕೆ ಏರಿದೆ ಎಂದು ನಮ್ಮ ಓಣಿಯ ಕೆಂಪಕ್ಕ ಮನೆಮನೆಗೆ ಹೇಳಿಕೊಂಡು ಬಂದಳು. ಮಾತ್ರೆಯ ಗುಣ ಅದು, ನಿಲ್ಲಿಸಿದ ಮೇಲೆ ಇಳಿಯುತ್ತದೆ ಎಂದಿದ್ದರು ಡಾಕ್ಟರು. ಅಕ್ಕ ಮಾತ್ರ ಮಗಳಿಗೆ ತಲೆ ಬಾಚುವಾಗ ಕನ್ನಡಿ ಮರೆಮಾಡುತ್ತಿದ್ದಳು. ಭಾವ ಅದನ್ನೂ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡ.

ಯುಗಾದಿ ಕಳೆದ ಮೇಲೆ ಒಂದು ನೆಗಡಿ ಬಂತು, ಅದರ ಹಿಂದೆಯೇ ಬಾವು. ಹೀಗೆ ಮರುಕಳಿಸುವುದು ಉಂಟು, ಹೆದರಬೇಡಿ, ಮತ್ತೆ ಎಂಟು ಮಾತ್ರೆ ಶುರುಮಾಡಿ, ಮೂರು ದಿನ ಸತತ ತಿಳಿಯಾದರೆ ದಿನ ಬಿಟ್ಟು ದಿನಕ್ಕೆ ಇಳಿಸಿ ಎಂದರು ಡಾಕ್ಟರು. ಮೊದಲ ಆರು ದಿನ ಒಡೆಯಿತು. ಏಳನೆಯ ದಿನ ತಿಳಿ. ಎಂಟು, ಒಂಬತ್ತು, ತಿಳಿ. ಭಾವ ಮಾತ್ರೆ ಇಳಿಸಿದ. "ಈ ಸಲ ಬೇಗ ನಾಟ್ತು ನೋಡು," ಎಂದು ನನಗೆ ನೋಟ್‌ಬುಕ್ಕು ತೋರಿಸಿದ.

ಆದರೆ ಬಾವು ಇಳಿಯಲಿಲ್ಲ. ಟ್ಯೂಬು ದಿನಾ ತಿಳಿ, ಮಗು ದಿನಾ ಊದುತ್ತಿದೆ. ಭಾವನಿಗೆ ತಲೆ ಕೆಟ್ಟಿತು. ಸ್ಪಿರಿಟ್ಟು ಬದಲಾಯಿಸಿದ, ಆಸಿಡ್ ಬದಲಾಯಿಸಿದ. ಉಪ್ಪಿನ ಟ್ರಂಕಿನ ಬೀಗದ ಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡ. ಅಕ್ಕನ ತವರಿನವರಾದ ನಾವು ಕದ್ದು ಉಪ್ಪಿನಕಾಯಿ ಕೊಡುತ್ತಿದ್ದೇವೆ ಎಂದು ನನ್ನ ಮುಖಕ್ಕೇ ಹೇಳಿದ. ನಾನು ಒಂದು ವಾರ ಅವರ ಮನೆ ಹೊಸ್ತಿಲು ತುಳಿಯಲಿಲ್ಲ. ಆ ಸಿಟ್ಟಿಗೆ ಈಗಲೂ ನಾಚಿಕೆಯಾಗುತ್ತದೆ. ಅದೇ ವಾರ ಸಿದ್ದವ್ವನಿಗೆ ಜ್ವರ ಬಂದು, ಹೊಟ್ಟೆ ಮುಟ್ಟಿದರೆ ಕಿರುಚುವಷ್ಟು ನೋವಾಯಿತು.

ಯಾರದೋ ಜೀಪು ಹಿಡಿದು ಮಧ್ಯಾಹ್ನದ ಬಿಸಿಲಿನಲ್ಲಿ ದಾವಣಗೆರೆಗೆ ಒಯ್ದೆವು. ಹೊಟ್ಟೆಯ ನೀರಿಗೆ ನಂಜು ಹತ್ತಿದೆ ಎಂದು ಅಡ್ಮಿಟ್ ಮಾಡಿ ಸೂಜಿ ಚುಚ್ಚಿದರು. ಮೂರು ದಿನ ಇವತ್ತೋ ನಾಳೆಯೋ ಅನ್ನುವಂತಿತ್ತು. ನಾಲ್ಕನೆಯ ದಿನ ಮಗು ಕಣ್ಣುಬಿಟ್ಟು ನೀರು ಕೇಳಿತು. ಆಗ ಡಾಕ್ಟರು ನೋಟ್‌ಬುಕ್ಕು ಹಿಡಿದು ವಾರ್ಡಿಗೆ ಬಂದರು.

"ಇಲ್ಲಿ ಕಾಸಿದ್ರೆ ಟ್ಯೂಬು ತಿರುಗಿಸಿದ್ರೂ ಬೀಳದಂಗೆ ಹೆಪ್ಪುಗಟ್ತೈತೆ. ನಿಮ್ಮ ಪುಸ್ತಕದಾಗೆ ಇಪ್ಪತ್ತೆರಡು ದಿನ ತಿಳಿ, ತಿಳಿ, ತಿಳಿ. ಕಾಸದೇನೇ ಬರ್ದೀರೇನ್ರಿ?"

ಭಾವನ ಮುಖ ಕೆಂಪಾಯಿತು. ಹಾಲು ಅಳೆಯುವ ಜಾಗದಲ್ಲಿ ಐದು ವರ್ಷ ಕೂತು ಒಂದು ಅಕ್ಷರ ಹೆಚ್ಚುಕಮ್ಮಿ ಬರೆಯದವನಿಗೆ, ಬರೆದದ್ದು ಸುಳ್ಳು ಎಂದು ಹತ್ತು ಜನರ ಮುಂದೆ ಹೇಳಿದ್ದರು. "ನನ್ನ ಕೈಯಾರೆ ಕಾಸೀನಿ, ಸ್ವಾಮಿ. ದಿನಾ ಕಾಸೀನಿ," ಅಂದ.

"ಹಂಗಾದ್ರೆ ನೀವು ಕಾಸಿದ್ದು ಈ ಮಗೂದಲ್ಲ," ಎಂದು ಡಾಕ್ಟರು ಪುಸ್ತಕ ಮಂಚದ ಮೇಲಿಟ್ಟು ಹೋದರು.

ಭಾವ ಅಕ್ಕನ ಕಡೆ ತಿರುಗಿದ. ಎಡಗಣ್ಣು ಕಿರಿದಾಯಿತು.

"ನೀನೇ. ಮಗಳ ಮಕ ದುಂಡಗಾತು ಅಂತ ಅಳ್ತಿದ್ದಲ್ಲ, ಮಾತ್ರೆ ಕಮ್ಮಿ ಆಗ್ಲಿ ಅಂತ ಬಾಟ್ಲಿ ಬದ್ಲು ಮಾಡೀಯ. ನಿಂದೇ ತುಂಬ್ಸೀಯ. ಮಗಳನ್ನ ಕೊಲ್ಲಾಕೆ ಹೊಂಟಿದ್ದೀಯೇನೇ?"

ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ಡೈರಿಯಲ್ಲಿ ನಿಲ್ಲುತ್ತಿದ್ದವರ ಹಾಗೆಯೇ ನಿಂತಳು. ನನಗೆ ಭಾವನ ಕತ್ತಿನ ಪಟ್ಟಿ ಹಿಡಿಯಬೇಕೆನಿಸಿತು. ಹಿಡಿಯುತ್ತಲೂ ಇದ್ದೆ.

"ಅವ್ವ ಅಲ್ಲ," ಅಂದಳು ಸಿದ್ದವ್ವ ಮಂಚದ ಮೇಲಿಂದ. "ನಾನು. ಪುಟ್ಟೀದು ತರ್ತಿದ್ದೆ."

ಪುಟ್ಟಿ ಅಂದರೆ ಅವಳ ತಂಗಿ, ಐದು ವರ್ಷದ್ದು. ತನ್ನ ಪಾಲಿನ ಬೆಲ್ಲದ ಚೂರು ಕೊಟ್ಟು ಅವಳ ಬಾಯಿಮುಚ್ಚಿಸಿದ್ದಳಂತೆ. ನಾನೇ ಕೇಳಿದೆ, "ಯಾಕವ್ವಾ? ಹುಡುಗ್ರು ಬೂದುಗುಂಬಳ ಅಂತಾರೆ ಅಂತ್ಲಾ?"

"ಅಲ್ಲ ಮಾಮ. ಒಡೆದ್ರೆ ಅಪ್ಪ ಹಂಗೆ ನೋಡ್ತೈತೆ."

"ಹೆಂಗೆ?"

"ನಿನ್ನೇದು ಬೆರ್ಸಿದೋರ್ನ ನೋಡ್ದಂಗೆ." ಅವಳ ಕಣ್ಣಿನಿಂದ ನೀರು ಇಳಿಯಿತು. "ನಾನು ಏನೂ ಬೆರ್ಸಿರ್ಲಿಲ್ಲ ಅಪ್ಪಾ. ಏನೂ ಬೆರ್ಸಿರ್ಲಿಲ್ಲ. ಆದ್ರೂ ದಿನಾ ಒಡೀತಿತ್ತು."

ಭಾವ ಮಂಚದ ತುದಿ ಹಿಡಿದುಕೊಂಡು ಕೆಳಗೆ ಕೂತುಬಿಟ್ಟ. ಏಳು ವರ್ಷದ ಮಗು, ತನ್ನ ಮೈಯೊಳಗೆ ಏನೋ ಕಳ್ಳತನ ನಡೆದಿದೆ, ಅದಕ್ಕೆ ತಾನೇ ಹೊಣೆ ಎಂದು ಬೆಳಿಗ್ಗೆ ಬೆಳಿಗ್ಗೆ ಆ ಬಾಟಲಿ ಹಿಡಿದು ನಿಲ್ಲುತ್ತಿತ್ತು. ನಾನು ದೊಡ್ಡವನು, ಒಂದೇ ಒಂದು ದಿನ ಆ ನೋಟ ತಿಂದು ವಾರ ನಿದ್ದೆಗೆಟ್ಟಿದ್ದೆ.

"ಮೊದಲ್ನೇ ಸಲದ್ದು?" ಎಂದು ಭಾವ ಕೆಳಗಿನಿಂದಲೇ ಕೇಳಿದ. "ಅವಾಗ ತಿಳಿ ಆಗಿದ್ದು?"

"ಅದು ನಂದೇ," ಅಂದಳು ಸಿದ್ದವ್ವ.

ಡಾಕ್ಟರು ಅದನ್ನು ಒಪ್ಪಲಿಲ್ಲ. ಹೆದರಿದ ಮಗುವಿನ ಮಾತಿನ ಮೇಲೆ ಲೆಕ್ಕ ಹಾಕಲಾಗದು, ಆಗ ಬಾವು ಇಳಿದದ್ದು ಉಪ್ಪು ಬಿಟ್ಟಿದ್ದಕ್ಕೂ ಇರಬಹುದು, ಮಾತ್ರೆ ಇವಳಿಗೆ ನಾಟುತ್ತದೋ ಇಲ್ಲವೋ ಎಂಬುದೇ ಈಗ ಗೊತ್ತಿಲ್ಲ, ಮತ್ತೆ ಮೊದಲಿನಿಂದ ಶುರು, ನಾಲ್ಕು ವಾರ ಸಮಯ ಎಂದರು. ನಾಲ್ಕು ವಾರದೊಳಗೆ ತಿಳಿಯಾಗದಿದ್ದರೆ ಏನೆಂದು ನಮಗೆ ಮೊದಲೇ ಹೇಳಿದ್ದರು. ಮತ್ತೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಜ್ವರ ಬಿಟ್ಟು ಮನೆಗೆ ಬಂದ ಮೇಲೆ ಅಕ್ಕ ಗಂಡನಿಗೆ ಒಂದೇ ಮಾತು ಹೇಳಿದಳು. "ಟ್ಯೂಬು ಎಷ್ಟಾರ ನೋಡ್ರಿ. ಮಗೂ ಎದ್ರಿಗೆ ಮಕ ಸರಿ ಇಟ್ಕಳ್ರಿ." ಹದಿನೈದು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಹೇಳಿದ ಮೊದಲ ಗಟ್ಟಿ ಮಾತು ಅದು. ಬಾಟಲಿ ಹಿಡಿಯುವ ಕೆಲಸವನ್ನು ಅಕ್ಕನಿಗೆ ಕೊಡಿ ಎಂದು ನಾನು ಹೇಳಿದೆ. ಅಕ್ಕ ಒಪ್ಪಲಿಲ್ಲ. ಕಾವಲು ಹಾಕಿದರೆ ಕಳ್ಳಿ ಎಂದೇ ಹೇಳಿದ ಹಾಗಾಗುತ್ತದೆ, ಸಿದ್ದವ್ವನೇ ತರಲಿ ಅಂದಳು.

ನಾನು ದಿನಾ ಬೆಳಿಗ್ಗೆ ಹೋಗಿ ಕಟ್ಟೆಯ ಮೇಲೆ ಕೂರತೊಡಗಿದೆ. ಭಾವನ ಪಾಡು ನೋಡಬೇಕಿತ್ತು. ಟ್ಯೂಬಿನಲ್ಲಿ ಬಿಳಿ ಕಟ್ಟುತ್ತಿದ್ದಂತೆ ಅವನ ಎಡಗಣ್ಣು ತಾನಾಗಿಯೇ ಕಿರಿದಾಗಲು ಹೋಗುತ್ತಿತ್ತು, ಅವನು ಅದನ್ನು ಅಗಲ ಮಾಡಿಕೊಂಡು ಹಲ್ಲು ಕಿರಿಯುತ್ತಿದ್ದ. "ಒಡೀಲಿ ಬಿಡವ್ವಾ. ನಿನ್ ತಪ್ಪೇನೈತೆ? ನಾಳೆ ನೋಡನ," ಅನ್ನುತ್ತಿದ್ದ. ಮಗು ಮೊದಮೊದಲು ಆ ಮುಖಕ್ಕೂ ಹೆದರಿತು. ಹತ್ತನೆಯ ದಿನ ಒಡೆಯಿತು. ಮೊದಲ ಸಲ ತಿಳಿಯಾಗಿದ್ದು ಹದಿಮೂರನೆಯ ದಿನ ಎಂದು ಅವತ್ತು ನಾವು ಮೂವರೂ ಟ್ಯೂಬಿನ ಮೇಲೆ ಬಾಗಿ ಕೂತಿದ್ದೆವು, ಅವತ್ತೂ ಒಡೆಯಿತು. ಹದಿನೆಂಟು. ಇಪ್ಪತ್ತು. ಇಪ್ಪತ್ತೆರಡು. ಭಾವ ಊಟ ಬಿಟ್ಟ. ಡೈರಿಯಲ್ಲಿ ಯಾರ ಹಾಲು ಹೇಗಿದ್ದರೂ ಅಳೆದುಬಿಡುತ್ತಿದ್ದ, ಚಿಕ್ಕಹನುಮಂತಪ್ಪನೇ ಬಂದು "ಬೆನಕಪ್ಪಣ್ಣ, ಯಾಕೋ ಪರೀಕ್ಷೆ ಮಾಡ್ಲಿಲ್ವಲ್ಲಾ," ಎಂದು ಕೇಳಿದನಂತೆ.

ಇಪ್ಪತ್ಮೂರನೆಯ ದಿನ ಟ್ಯೂಬು ಕಾಯಿತು, ಕುದಿಯಿತು, ತಿಳಿಯಾಗಿಯೇ ಉಳಿಯಿತು. ಆಸಿಡ್ ಬಿಟ್ಟ. ತಿಳಿ. ನಾನು ಕೂತಲ್ಲಿಂದ ಎದ್ದೆ. ಆದರೆ ಭಾವ ಟ್ಯೂಬಿನಿಂದ ಕಣ್ಣೆತ್ತಿ ಬಚ್ಚಲಿನ ಕಡೆ ನೋಡಿದ, ಅಲ್ಲಿ ಪುಟ್ಟಿ ಮುಖ ತೊಳೆಯುತ್ತಾ ನಿಂತಿತ್ತು. ಕೇಳಲೆಂದು ಅವನ ಬಾಯಿ ತೆರೆಯಿತು. ಸಿದ್ದವ್ವ ಟ್ಯೂಬನ್ನು ನೋಡುತ್ತಲೇ ಇರಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು.

"ಅಪ್ಪಾ, ಇದು ನಂದೇ," ಅಂದಳು ಮೆಲ್ಲಗೆ.

"ಗೊತ್ತವ್ವಾ," ಅಂದ ಭಾವ. "ನಾನು ನಂಬ್ತೀನಿ."

ನೋಟ್‌ಬುಕ್ಕಿನಲ್ಲಿ ಅವತ್ತಿನ ತಾರೀಖಿನ ಮುಂದೆ ಏನೂ ಬರೆಯಲಿಲ್ಲ. ಮಾರನೆಯ ದಿನವೂ ತಿಳಿ, ಅದರ ಮಾರನೆಯ ದಿನವೂ ತಿಳಿ. ನಾಲ್ಕನೆಯ ದಿನ ದಾವಣಗೆರೆಗೆ ಹೋದೆವು. ಡಾಕ್ಟರು ನರ್ಸಮ್ಮನನ್ನು ಜೊತೆಗೆ ಕಳಿಸಿ ಬಾಟಲಿ ತರಿಸಿ, ತಾವೇ ಕಾಸಿ, ಟ್ಯೂಬನ್ನು ಕಿಟಕಿಗೆ ಹಿಡಿದರು. "ನಾಟೈತೆ," ಅಂದರು. "ತಡವಾಗಿ ನಾಟ್ತು, ಆದ್ರೂ ನಾಟೈತೆ. ಮತ್ತೆ ಬಂದ್ರೂ ಬರಬೋದು, ಕಾಸೋದು ಬಿಡಬ್ಯಾಡ್ರಿ."

ವಾಪಸು ಬರುವಾಗ ಬಸ್ಸಿನಲ್ಲಿ ಸಿದ್ದವ್ವ ಭಾವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಭಾವ ನನ್ನ ಕಿವಿಯ ಹತ್ತಿರ ಬಗ್ಗಿದ.

"ಅವತ್ತು ನಂಬ್ತೀನಿ ಅಂದೆ ನೋಡು. ಸುಳ್ಳು ಹೇಳ್ದೆ ಕಣೋ ವಿರೂಪಾಕ್ಷಿ. ನಂಬಿರ್ಲಿಲ್ಲ."

"ಗೊತ್ತು ಭಾವ."

"ಮಗೂಗೂ ಗೊತ್ತಾತೇನೋ?"

"ಇಲ್ಲ ಬಿಡ್ರಿ. ಅದಕ್ಕೇನು ಗೊತ್ತಾಗ್ತೈತೆ," ಅಂದೆ.

ಸಿದ್ದವ್ವ ಕಣ್ಣು ಮುಚ್ಚಿಕೊಂಡೇ ಅಂದಳು, "ಗೊತ್ತಾಗಿತ್ತು ಅಪ್ಪಾ. ಆದ್ರೂ ನಂಬ್ತೀನಿ ಅಂದ್ಯಲ್ಲ."